ಮೈನಸ್ 25ರಲ್ಲಿ ಬರಿಗಾಲು
ಅಮೆರಿಕದ ಮಿನ್ನೆಸೋಟದಲ್ಲಿ ಜನವರಿ, ಹೊರಗೆ ಮೈನಸ್ 25 ಡಿಗ್ರಿ, ತುಮಕೂರಲ್ಲಿರೋ ಅಮ್ಮಂಗೆ ವಿಡಿಯೋ ಕಾಲ್‌ನಲ್ಲಿ ಹಿತ್ತಲಲ್ಲಿ ಹಕ್ಕಿಗಳಿಗೆ ಕಾಳು ಹಾಕಿ ನೇತುಹಾಕಿರೋ ಡಬ್ಬ, ಅಂದ್ರೆ ಫೀಡರ್ ತೋರಿಸ್ತಿದ್ದೆ. ಕರೀ ಟೋಪಿ ಹಾಕ್ಕೊಂಡಂಗಿರೋ ಚಿಕಡೀ ಅನ್ನೋ ಒಂದು ಪುಟ್ಟ ಹಕ್ಕಿ ಬಂದು, ಸೂರ್ಯಕಾಂತಿ ಬೀಜ ಕಚ್ಕೊಂಡು ಕೊಂಬೆಗೆ ಹಾರಿ, ಎರಡೂ ಕಾಲಲ್ಲಿ ಅದುಮಿ ಹಿಡ್ಕೊಂಡು ಟಕ್ ಟಕ್ ಅಂತ ಕುಟ್ಟಿ ಒಡೀತಿತ್ತು. ಅಮ್ಮ ಬೇರೇನೂ ಕೇಳ್ಲಿಲ್ಲ, "ಪಾಪ ಬರಿಗಾಲಲ್ಲಿ ನಿಂತಿದ್ಯಲ್ಲೋ, ಕಾಲು ಮರಗಟ್ಟಲ್ವಾ?" ಅಂದ್ರು.

ಒಳ್ಳೇ ಪ್ರಶ್ನೆ. ಕಾಲು ತಣ್ಣಗೇ ಇರತ್ತಮ್ಮ, ಬೇಕಂತಲೇ ಹಾಗಿಟ್ಕೊಂಡಿದೆ ಅಂದೆ.

ಹಕ್ಕಿ ಕಾಲಿನ ಕೆಳಭಾಗದಲ್ಲಿ ಮಾಂಸ ಇಲ್ಲವೇ ಇಲ್ಲ ಅನ್ನಬಹುದು, ಬರೀ ಮೂಳೆ ಮತ್ತೆ ಹುರಿ ಥರದ ಸ್ನಾಯುರಜ್ಜು, ಆ ಹುರಿ ಎಳೆಯೋ ಮಾಂಸ ಎಲ್ಲ ಮೇಲೆ ಪುಕ್ಕದೊಳಗೆ ಬೆಚ್ಚಗಿದೆ. ಮಜಾ ಇರೋದು ರಕ್ತನಾಳದಲ್ಲಿ. ಬಿಸಿ ರಕ್ತ ಕೆಳಗೆ ತರೋ ನಾಳ, ತಣ್ಣನೆ ರಕ್ತ ಮೇಲೆ ಒಯ್ಯೋ ನಾಳ, ಎರಡೂ ಮೈಗೆ ಮೈ ತಾಗಿಸ್ಕೊಂಡು ಎದುರುಬದುರು ಹರೀತವೆ. ಓಣಿಯಲ್ಲಿ ಒಂದು ಸಾಲು ಜನ ಕಂಬಳಿ ಹೊದ್ಕೊಂಡು ಊರಾಚೆ ಹೊರಟಿದಾರೆ, ಇನ್ನೊಂದು ಸಾಲು ನಡುಗ್ತಾ ಊರೊಳಗೆ ಬರ್ತಿದೆ, ಹೋಗೋರು ಎದುರು ಸಿಕ್ಕೋರಿಗೆ ಕಂಬಳಿ ಹೊದಿಸಿ ಮುಂದೆ ಹೋಗ್ತಾರೆ ಅಂದ್ಕೊಳ್ಳಿ. ಜನ ಓಡಾಡ್ತಾನೇ ಇದಾರೆ, ಕಂಬಳಿ ಮಾತ್ರ ಊರು ಬಿಟ್ಟು ಹೋಗಲ್ಲ. ಎರಡೂ ಒಂದೇ ದಿಕ್ಕಿಗೆ ಹರಿದಿದ್ರೆ? 40 ಡಿಗ್ರಿ ಕಾಫಿ ಲೋಟ, 4 ಡಿಗ್ರಿ ಹಾಲಿನ ಲೋಟ ಒತ್ತಿಟ್ಟಂಗೆ, ಎರಡೂ 22ರ ಹತ್ರ ಬಂದು ನಿಂತುಬಿಡೋವು, ಅರ್ಧ ಬಿಸಿ ಪಾದಕ್ಕೆ ಹೋಗಿ ಹಿಮದ ಪಾಲು. ಎದುರುಬದುರು ಇದ್ದಾಗ ದಾರಿ ಉದ್ದಕ್ಕೂ ಇಳಿಯೋ ರಕ್ತ ಏರೋ ರಕ್ತಕ್ಕಿಂತ ಸ್ವಲ್ಪ ಬಿಸಿಯಾಗೇ ಇರತ್ತೆ, ಹಂಗಾಗಿ ಕೊಡ್ತಾನೇ ಹೋಗತ್ತೆ. ಪಾದಕ್ಕೆ ಉಳಿಯೋದು ಹೆಪ್ಪುಗಟ್ಟದೇ ಇರೋವಷ್ಟು ಬಿಸಿ, ಅಷ್ಟು ಸಾಕು.

ಕಾಲಿಗಿಂತ ದೊಡ್ಡ ಕಷ್ಟ ರಾತ್ರೀದು. ಚಿಕಡೀ ತೂಕ 11-12 ಗ್ರಾಂ, ಮೂರು ಟೀ ಚಮಚ ಸಕ್ಕರೆ ಅಷ್ಟೆ. ಹಗಲೆಲ್ಲ ತಿಂದು ಕೂಡಿಸಿದ ಕೊಬ್ಬನ್ನ ರಾತ್ರಿ ನಡುಗಿ ನಡುಗಿಯೇ ಉರಿಸಿಬಿಡತ್ತೆ, ಪಕ್ಕಾ ದಿನಗೂಲಿ ಬದುಕು. ಅದೂ ಸಾಲದೇ ಮೈ ಬಿಸಿನ ಹಗಲಿಗಿಂತ 10-12 ಡಿಗ್ರಿ ಇಳಿಸ್ಕೊಂಡು ಮಲಗತ್ತೆ. ನಮಗೆ ಹಾಗಾದ್ರೆ ಐಸಿಯು.

ಇಲ್ಲಿ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ. ಹೋದ ವರ್ಷ ಡಿಸೆಂಬರ್‌ನಲ್ಲಿ ಊರಿಗೆ ಹೊರಟಾಗ ಫ್ರೆಂಡ್ ಒಬ್ಬ "ಹಕ್ಕಿಗಳಿಗೆ ಫೀಡರ್ ಕಾಳು ಅಭ್ಯಾಸ ಮಾಡ್ಸಿ ಬಿಟ್ಟು ಹೋಗ್ತಿದೀಯ, ಎಲ್ಲಾ ಸಾಯ್ತಾವೆ ನೋಡು" ಅಂತ ಹೆದರಿಸಿದ್ದ. ಇದನ್ನ ಪಕ್ಕದ ವಿಸ್ಕಾನ್ಸಿನ್‌ನಲ್ಲೇ ಮಾರ್ಗರೆಟ್ ಬ್ರಿಟಿಂಗ್‌ಹ್ಯಾಮ್ ಮತ್ತೆ ಸ್ಟಾನ್ಲಿ ಟೆಂಪಲ್ ಅನ್ನೋ ಸಂಶೋಧಕರು ಚಿಕಡೀಗಳ ಮೇಲೇ ನೋಡಿದಾರೆ. 1988ರ ಅವರ ಸಂಶೋಧನಾ ಲೇಖನದ ಪ್ರಕಾರ ಫೀಡರ್ ಇದ್ದ ಕಡೆ ಚಳಿಗಾಲ ದಾಟಿದ್ದು 69%, ಇಲ್ಲದ ಕಡೆ 37%, ಆ ವ್ಯತ್ಯಾಸ ಬಂದಿದ್ದು ಕೊರೆಯೋ ಚಳಿ ದಿನಗಳಿಂದ. ಅಂದ್ರೆ ಫೀಡರ್ ಇದ್ರೆ ಲಾಭವೇ, ಆದ್ರೆ ಅದನ್ನೇ ನಂಬಿ ಕೂರ್ತಾವಾ? ಅದಕ್ಕೆ ಉತ್ತರವಾಗಿ 1992ರಲ್ಲಿ ಇನ್ನೊಂದು ಲೇಖನ: ವರ್ಷಗಟ್ಲೆ ಕಾಳು ಹಾಕ್ತಿದ್ದ ಕಡೆ ಫೀಡರ್ ಕಿತ್ತಾಕಿ ನೋಡಿದ್ರು, ಅಲ್ಲಿನ ಹಕ್ಕಿಗಳು ಯಾವತ್ತೂ ಫೀಡರ್ ಕಾಣದ ಹಕ್ಕಿಗಳಷ್ಟೇ ಚೆನ್ನಾಗಿ ಬದುಕಿದ್ವು. ತೊಗಟೆ ಸಂದಿಯಲ್ಲಿ ಚಿಕಡೀ ತಾನೇ ಬಚ್ಚಿಟ್ಟ ಸಾವಿರಾರು ಬೀಜ ಇರತ್ತಲ್ಲ, ನಮ್ಮ ಡಬ್ಬ ಅದಕ್ಕೆ ಬೋನಸ್ ಅಷ್ಟೆ. (ಮದುವೇಲಿ ಎಸೆದ ಅಕ್ಕಿ ತಿಂದ್ರೆ ಹಕ್ಕಿ ಹೊಟ್ಟೆ ಒಡೆಯತ್ತೆ ಅಂತಲೂ ಇಲ್ಲಿ ನಂಬ್ತಾರೆ! ನಮ್ಮೂರ ಗದ್ದೆಯಲ್ಲಿ ಭತ್ತ ತಿನ್ನೋ ರಾಟವಾಳ ಹಕ್ಕಿಗಳಿಗೆ ಯಾರಾದ್ರೂ ಹೇಳ್ರಪ್ಪ.)

ಹಕ್ಕಿ ನೋಡೋದು ಇಲ್ಲಿ ಹಳೇ ಹುಚ್ಚು. ಕ್ರಿಸ್‌ಮಸ್ ದಿನ ಗುಂಪು ಕಟ್ಟಿ ಯಾರು ಜಾಸ್ತಿ ಹಕ್ಕಿ ಹೊಡೀತಾರೆ ಅಂತ ಪಂದ್ಯ ಆಡ್ತಿದ್ರು, 1900ರಲ್ಲಿ ಫ್ರಾಂಕ್ ಚಾಪ್ಮನ್ ಅನ್ನೋರು ಹೊಡೀಬೇಡಿ, ಎಣಿಸಿ ಅಂದ್ರು. 27 ಜನರಿಂದ ಶುರುವಾದ ಆ ಎಣಿಕೆ ಈಗ್ಲೂ ಪ್ರತಿ ವರ್ಷ ನಡೀತಿದೆ.

ಅಷ್ಟರಲ್ಲಿ ಪಕ್ಕದ ಸಣ್ಣ ಜರಡಿ ಫೀಡರ್‌ಗೆ ಗೋಲ್ಡ್‌ಫಿಂಚ್ ಹಕ್ಕಿಗಳು ಬಂದ್ವು. ಬೇಸಿಗೇಲಿ ನಿಂಬೆಹಣ್ಣಿನ ಹಳದಿ, ಈಗ ಮಾಸಿದ ಕಂದು. ಅಮ್ಮ ಕಣ್ಣು ಕಿರಿದು ಮಾಡಿ "ಅದೇನೋ ಕಪ್ಪಗೆ, ಹುಚ್ಚೆಳ್ಳಾ?" ಅಂದ್ರು. ಹೌದು, ಹುಚ್ಚೆಳ್ಳೇ! ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಹಳದಿ ಹೂ ಬಿಡೋ, ಉತ್ತರ ಕರ್ನಾಟಕದೋರು ಗುರೆಳ್ಳು ಅನ್ನೋ ಅದೇ ಕಾಳು ಇಲ್ಲಿ "ನೈಜರ್" ಅನ್ನೋ ಹೆಸರಲ್ಲಿ ಇಂಡಿಯಾದಿಂದ, ಇಥಿಯೋಪಿಯಾದಿಂದ ಬರತ್ತೆ. ಜೊತೆಗೆ ಬರೋ ಕಳೆ ಬೀಜ ಇಲ್ಲಿ ಮೊಳೀಬಾರ್ದು ಅಂತ ಒಳಗೆ ಬಿಡೋಕೆ ಮುಂಚೆ ಬಿಸಿ ಮಾಡಲೇಬೇಕು ಅನ್ನೋ ಕಾನೂನಿದೆ.

"ಮತ್ತೆ ಅವಕ್ಕೆ ಹಸೀದೇ ಹಾಕ್ತೀಯೋ, ಹುರಿದು ಹಾಕ್ತೀಯೋ?" ಅಂತ ಅಮ್ಮ.

ಸರ್ಕಾರವೇ ಹುರಿದು ಕೊಡತ್ತಮ್ಮ ಅಂದೆ. "ಹಂಗಾದ್ರೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿದ್ರೆ ಚಟ್ನಿಪುಡಿನೇ ಆಯ್ತಲ್ಲೋ" ಅಂತ ನಕ್ಕು ಫೋನಿಟ್ರು.