ಮಸ್ಕಿಯ ಕಲ್ಲು ಮೊಬೈಲಿಗೆ ಬಂದ ದಾರಿ

ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಶಾಸನ ‘ದೇವಾನಂಪಿಯಸ ಅಸೋಕಸ’, ಅಂದರೆ ‘ದೇವರಿಗೆ ಪ್ರಿಯನಾದ ಅಶೋಕನ’ ಎಂದು ಶುರುವಾಗುತ್ತದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಇದರಲ್ಲಿ ‘ಅಸೋಕಸ’ ಎಂಬುದಕ್ಕೆ ನಾಲ್ಕೇ ಅಕ್ಷರ. ಮೂರನೆಯದು ಲೆಕ್ಕದ ಕೂಡುವ ಗುರುತಿನ ಹಾಗೇ ಇದೆ, ಅದು ‘ಕ’. ಅದರ ಎರಡೂ ಬದಿಗೆ ‘ಸ’. ಎಡಗಡೆಯದಕ್ಕೆ ಓಕಾರದ ಗೀಟುಗಳಿವೆ, ಬಲಗಡೆಯದಕ್ಕಿಲ್ಲ. ಎಂಟನೇ ತರಗತಿಯ ಹುಡುಗರ ಮುಂದೆ ಈ ಸಾಲಿನ ಪಡಿಯಚ್ಚಿನ (ಕಲ್ಲಿನ ಬರಹದ ಮೇಲೆ ಕಾಗದ ಒತ್ತಿ ತೆಗೆದ ಪ್ರತಿಯ) ಚಿತ್ರ ಇಟ್ಟು ‘ಪ್ಲಸ್ ಗುರುತು ಎಲ್ಲಿದೆ ಹುಡುಕಿ’ ಎಂದರೆ ಸಾಕು, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಓದಿಕೊಂಡು ಅಶೋಕನ ಹೆಸರನ್ನು ತಾವೇ ಬಿಡಿಸುತ್ತಾರೆ. ಪಠ್ಯಪುಸ್ತಕದಲ್ಲಿ ಇದೇ ಸಂಗತಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಆ ಚಿತ್ರ ಇವತ್ತು ಯಾರ ಮೊಬೈಲಿಗಾದರೂ ಇಳಿಯುತ್ತದೆ. ಆದರೆ ಅದು ಬಂದ ದಾರಿ ಸುತ್ತುಬಳಸಿನದು. ಆ ದಾರಿ ಗೊತ್ತಿಲ್ಲದ ಕಾರಣಕ್ಕೇ ಬಳ್ಳಾರಿ, ರಾಯಚೂರು, ಕೊಪ್ಪಳದ ಶಿಕ್ಷಕರು ತಮ್ಮೂರಿನ ಇತಿಹಾಸದ ಆಕರಗಳನ್ನು, ಅಂದರೆ ಶಾಸನ, ಹಳೆಯ ಬರಹ, ಚಿತ್ರಗಳನ್ನು, ತಪ್ಪು ಜಾಗದಲ್ಲಿ ಹುಡುಕಿ ಬೇಸತ್ತು ಬಿಡುವುದುಂಟು.

ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ್ದು 1837ರಲ್ಲಿ. ಶಾಸನಗಳಲ್ಲಿ ಸಿಕ್ಕಿದ ‘ದೇವಾನಂಪಿಯ ಪಿಯದಸಿ’ ಯಾರು ಎಂಬುದು ಆಗ ಒಗಟಾಗಿತ್ತು. ಸಿಂಹಳದ ಅರಸನಿರಬಹುದು ಎಂದು ಪ್ರಿನ್ಸೆಪ್ ಮೊದಲು ಎಣಿಸಿದ್ದ. ಸಿಂಹಳದ ಪಾಲಿ ಗ್ರಂಥಗಳನ್ನು ನೋಡಿದ ಜಾರ್ಜ್ ಟರ್ನರ್, ಅವನು ಅಶೋಕನೇ ಎಂದ. ಅಂದರೆ ಮುಂದಿನ ಸುಮಾರು ಎಂಬತ್ತು ವರ್ಷ ಅಶೋಕನ ಗುರುತು ನಿಂತಿದ್ದು ಗ್ರಂಥದ ಸಾಕ್ಷಿಯ ಮೇಲೆ, ಕಲ್ಲಿನ ಸಾಕ್ಷಿಯ ಮೇಲಲ್ಲ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಈ ಬರಹ ಕಂಡ ಮೇಲೆ ಕಲ್ಲೇ ಹೆಸರು ಹೇಳಿತು. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿ ಅದನ್ನು ಅದೇ ವರ್ಷ ಸಂಪಾದಿಸಿದರು. ಪ್ರಕಟವಾದದ್ದು ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ. ನಿಜಾಮರ ಪುರಾತತ್ವ ಇಲಾಖೆ ಹುಟ್ಟಿ ಆಗಿನ್ನೂ ಒಂದು ವರ್ಷವಾಗಿತ್ತು.

ಹೈದರಾಬಾದ್ ಎಂಬ ಆ ಹೆಸರನ್ನು ಗಮನಿಸಬೇಕು. ಕರ್ನಾಟಕದ ಶಾಸನ ಎಂದ ಕೂಡಲೇ ನಮ್ಮ ಕೈ ಹೋಗುವುದು ಬಿ.ಎಲ್. ರೈಸ್ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳಿಗೆ. ಅದು ಹಳೆಯ ಮೈಸೂರು ಸಂಸ್ಥಾನದ ಕೆಲಸ. ಮಸ್ಕಿಗಾಗಲಿ ಬಳ್ಳಾರಿಯ ಕುರುಗೋಡಿಗಾಗಲಿ ಆ ಹಳೆಯ ಸಂಪುಟಗಳಲ್ಲಿ ಜಾಗವಿಲ್ಲ. ಬಳ್ಳಾರಿ 1800ರಲ್ಲಿ ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ ದತ್ತ ಜಿಲ್ಲೆಗಳಲ್ಲೊಂದು. 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಹಾಗಾಗಿ ಅಲ್ಲಿನ ಕನ್ನಡ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಒಂಬತ್ತನೇ ಸಂಪುಟದಲ್ಲಿ ಬಂದವು: ಮೊದಲ ಭಾಗ 1939ರಲ್ಲಿ, ಎರಡನೆಯದು 1941ರಲ್ಲಿ. ರಾಯಚೂರು 1948ರವರೆಗೆ ನಿಜಾಮರ ಸೀಮೆ, 1956ರವರೆಗೆ ಹೈದರಾಬಾದ್ ರಾಜ್ಯದ ಭಾಗ. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರು. ಸ್ವತಂತ್ರ ಜಿಲ್ಲೆಯಾದದ್ದು 1997ರಲ್ಲಿ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಅಶೋಕನ ಶಾಸನಗಳು 1931ರಲ್ಲಿ ಬೆಳಕಿಗೆ ಬಂದಾಗ ಅವೂ ಹೈದರಾಬಾದ್ ಮಾಲೆಗೇ ಸೇರಿದವು, ಹತ್ತನೇ ಸಂಚಿಕೆಯಾಗಿ. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದ ಮೇಲಷ್ಟೇ ಹುಡುಕಾಟ ಸಲೀಸಾಯಿತು. ಇಂಟರ್‌ನೆಟ್ಟಿನಲ್ಲಿ ಹುಡುಕುವವರು ಇಂದಿನ ನಕ್ಷೆ ಮಡಚಿಟ್ಟು ಹಳೆಯ ಗಡಿಯನ್ನೇ ಹಿಡಿದು ಹೊರಡಬೇಕು. ಕಾಗುಣಿತವೂ ಹಳೆಯದೇ ಇರಬೇಕು: ಕೊಪ್ಪಳಕ್ಕೆ ‘ಕೊಪ್‌ಬಾಲ್’, ಹೊಸಪೇಟೆಗೆ ‘ಹಾಸ್ಪೆಟ್’, ಪೋರ್ಚುಗೀಸರ ಬರಹದಲ್ಲಾದರೆ ರಾಯಚೂರಿಗೆ ‘ರಾಚೋಲ್’, ವಿಜಯನಗರಕ್ಕೆ ‘ಬಿಸ್ನಗ’.

ಇಸವಿಯ ತೊಡಕೂ ಇದೆ. ಶಕವರ್ಷಕ್ಕೆ 78 ಕೂಡಿಸಬೇಕು, ಇದು ಎಲ್ಲರಿಗೂ ಗೊತ್ತು. ಚಾಲುಕ್ಯ ವಿಕ್ರಮ ವರ್ಷ 1076ರಲ್ಲಿ ಶುರುವಾದ ಎಣಿಕೆ, ಅದಕ್ಕೆ 1075 ಕೂಡಿಸಬೇಕು. 1076 ಕೂಡಿಸಿ ಒಂದು ವರ್ಷ ಮುಂದೆ ಹೋಗುವುದು ಸಾಮಾನ್ಯ ತಪ್ಪು. ‘ದೇವಾಲಯ ಚಕ್ರವರ್ತಿ’ ಎಂಬ ಬಿರುದಿನ ಇಟಗಿ ಮಹಾದೇವ ಗುಡಿಯ ಶಾಸನ 1112ರದು, ಅಂದರೆ ವಿಕ್ರಮ ವರ್ಷ 37. ನಿಜಾಮರ ಕಾಲದ ಕಂದಾಯದ ಕಾಗದಗಳಲ್ಲಿ ಫಸಲಿ ವರ್ಷ ಇರುತ್ತದೆ, ಅದಕ್ಕೆ ಸುಮಾರಾಗಿ 590.

ಈ ಸಂಪುಟಗಳೆಲ್ಲ ಬಹುಕಾಲ ವಿಶ್ವವಿದ್ಯಾಲಯಗಳ ಗ್ರಂಥಾಲಯದ ಬೀರುಗಳಲ್ಲಿದ್ದವು. 2000ದ ನಂತರ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಹಳೆಯ ಪುಸ್ತಕಗಳ ಸ್ಕ್ಯಾನಿಂಗ್ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಆ ಪ್ರತಿಗಳು ಈಗ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ನಲ್ಲಿ ಸರ್ಕಾರಿ ಕಡತಗಳಿವೆ, ಸಂಸ್ಕೃತಿ ಸಚಿವಾಲಯದ ‘ಇಂಡಿಯನ್ ಕಲ್ಚರ್’ ತಾಣದಲ್ಲಿ ಅಪರೂಪದ ಪುಸ್ತಕಗಳಿವೆ. ಉಪಕಾರ ದೊಡ್ಡದು, ಊನಗಳೂ ಇವೆ. ಆ ಕಾಲದ ಬಹಳಷ್ಟು ಸ್ಕ್ಯಾನುಗಳು ಬರೀ ಕಪ್ಪು–ಬಿಳುಪು, ನಡುವಿನ ಬೂದು ಛಾಯೆ ಇಲ್ಲ. ಅಚ್ಚಿನ ಅಕ್ಷರಕ್ಕೆ ಅದು ಸಾಕು. ಪಡಿಯಚ್ಚಿನ ಅಥವಾ ಫೋಟೋದ ಪುಟ ಮಾತ್ರ ಮಸಿ ಚೆಲ್ಲಿದಂತೆ ಬಂದಿರುತ್ತದೆ. ಮಕ್ಕಳಿಗೆ ತೋರಿಸಬೇಕಾದ ಪುಟ ಅದೇ ಆಗಿರುತ್ತದೆ. ಇದಕ್ಕೆ ಉಪಾಯ, ಅದೇ ಸಂಪುಟದ ಇನ್ನೊಂದು ಸ್ಕ್ಯಾನ್ ಇದೆಯೇ ನೋಡುವುದು. ಬಣ್ಣದಲ್ಲಿ ಮಾಡಿದ್ದಾದರೆ ಪುಟ ಹಳದಿಯಾಗಿ ಕಾಣುತ್ತದೆ, ಚಿತ್ರ ಚೆನ್ನಾಗಿರುತ್ತದೆ. ಇಡೀ ಸಂಪುಟ ಇಳಿಸಿಕೊಳ್ಳಲು ಹೋದರೆ ಡೇಟಾ ಮುಗಿಯುತ್ತದೆ. ಆನ್‌ಲೈನಿನಲ್ಲೇ ಪುಟ ತಿರುವಿ, ಬೇಕಾದ ಒಂದೆರಡನ್ನು ಮಾತ್ರ ಚಿತ್ರವಾಗಿ ಉಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿಟ್ಟರೆ ಸಾಕು. ಶಾಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆಂದು ನಂಬಿ ಪಾಠ ಯೋಜಿಸುವುದು, ಮಳೆ ಬರುತ್ತದೆಂದು ನಂಬಿ ಬಿತ್ತಿದ ಹಾಗೆ.

ಇದಕ್ಕಿಂತ ದೊಡ್ಡ ಊನ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಕಾನೂನಿನಲ್ಲಿ ಲೇಖಕ ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಹಾಗಾಗಿ ಬಿಟ್ಟಿ ಸಿಗುವುದು ಬಹುತೇಕ ಹಳೆಯ ಪುಸ್ತಕ, ಅಂದರೆ ಹಳೆಯ ತಿಳಿವಳಿಕೆ. 1925ರಲ್ಲಿ ಜರ್ಮನ್ ವಿದ್ವಾಂಸ ಹುಲ್ಶ್ ಸಂಪಾದಿಸಿದ ಅಶೋಕನ ಶಾಸನಗಳ ಸಂಪುಟ ನೋಡಿದವರಿಗೆ, ಅಶೋಕನ ಹೆಸರಿರುವ ಶಾಸನ ಮಸ್ಕಿಯದೊಂದೇ ಎನಿಸುತ್ತದೆ. ಅವರ ಕಾಲಕ್ಕೆ ಅದು ಸರಿ. ಆಮೇಲೆ ಮಧ್ಯಪ್ರದೇಶದ ಗುಜ್ಜರಾದಲ್ಲಿ ಸಿಕ್ಕಿತು, 1970ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳದಲ್ಲೂ ಸಿಕ್ಕಿತು. ‘ಮಸ್ಕಿಯಲ್ಲಿ ಮಾತ್ರ’ ಎಂಬ ವಾಕ್ಯ ಇವತ್ತಿಗೂ ಗೈಡುಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸುಗಳಲ್ಲಿ ಓಡಾಡುತ್ತಿದೆ. ನಿಟ್ಟೂರಿನ ಪಕ್ಕದ ಊರಿನ ಹುಡುಗ ಅದನ್ನೇ ಬಾಯಿಪಾಠ ಮಾಡುತ್ತಾನೆ. ಯಾವುದೇ ಹಳೆಯ ಪುಸ್ತಕ ತೆರೆದಾಗ ಮೊದಲು ನೋಡಬೇಕಾದದ್ದು ಮುದ್ರಣದ ವರ್ಷ. ಎಐ ಆ್ಯಪಿಗೆ ಕೇಳುವವರು ಇನ್ನೂ ಹುಷಾರಾಗಿರಬೇಕು; ಅದು ಇಲ್ಲದ ಶಾಸನಕ್ಕೂ ಸಂಪುಟ, ಪುಟಸಂಖ್ಯೆ ಕೊಡಬಲ್ಲದು. ಹಳಗನ್ನಡದ ಪುಟಕ್ಕೆ ಮೊಬೈಲ್ ಕ್ಯಾಮೆರಾ ಹಿಡಿದು ಅನುವಾದ ಪಡೆಯುವ ಆಟವೂ ಅಷ್ಟೇ. ಱ, ೞ ಬಂದಲ್ಲೆಲ್ಲ ಅದು ಎಡವುತ್ತದೆ.

ತರಗತಿಯಲ್ಲಿ ಆಕರ ಓದಿಸಬೇಕೆಂಬ ಮಾತಿಗೆ ಬಲ ಬಂದದ್ದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ. ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿಯ ಇತಿಹಾಸ ಪುಸ್ತಕ ಆಕರಗಳ ತುಣುಕುಗಳನ್ನೇ ಪಾಠದೊಳಗೆ ಹೆಣೆದು ಬಂತು. ಅದರಲ್ಲಿ ವಿಜಯನಗರಕ್ಕೆ ಒಂದು ಇಡೀ ಅಧ್ಯಾಯವಿದೆ. ಕರ್ನಾಟಕದಲ್ಲಿ ಶಿಕ್ಷಕರೇ ಸೇರಿಸಿ ಬೆಳೆಸುವ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಬಂತು. ನಂತರ ದೀಕ್ಷಾ ಎಂಬ ಸರ್ಕಾರಿ ಕಲಿಕಾ ತಾಣ ಬಂತು, ಪಠ್ಯಪುಸ್ತಕದ ಪುಟಗಳಿಗೆ ಕ್ಯೂಆರ್ ಕೋಡ್ ಬಿತ್ತು. ಸ್ಕ್ಯಾನ್ ಮಾಡಿದರೆ ಬಹಳ ಸಲ ತೆರೆಯುವುದು ಅದೇ ಪಾಠವನ್ನು ಇನ್ನೊಬ್ಬರು ಹೇಳುವ ವಿಡಿಯೊ. ಅದನ್ನು ಆಕರ ಎನ್ನಲಾಗದು, ಪಾಠದ ಪ್ರತಿಧ್ವನಿ ಎನ್ನಬಹುದು.

ಈ ಸೀಮೆಯಲ್ಲಿ ಒಂದೇ ಪಾಠಕ್ಕೆ ಆಕರ ಕಲೆಹಾಕುವುದಾದರೆ ವಿಜಯನಗರಕ್ಕೂ ಬಿಜಾಪುರಕ್ಕೂ ನಡೆದ 1520ರ ರಾಯಚೂರು ಕದನಕ್ಕಿಂತ ಒಳ್ಳೆಯದು ಸಿಗದು. ಕೃಷ್ಣದೇವರಾಯನ ದಂಡಿನ ವಿವರ ಬರೆದವನು ಫೆರ್ನಾವೊ ನುನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ, ಅದೂ ಸುಮಾರು ಹದಿನೈದು ವರ್ಷ ಕಳೆದ ಮೇಲೆ. ಅವನ ಬರಹದ ಇಂಗ್ಲಿಷ್ ಅನುವಾದವನ್ನು ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಉಚಿತ ಪುಸ್ತಕಗಳ ತಾಣದಲ್ಲಿ ಅದು ಸಿಗುತ್ತದೆ. ನುನಿಜ್ ಕೊಡುವ ಸಂಖ್ಯೆಗಳನ್ನು ಕೂಡಿಸಿದರೆ 7,03,000 ಕಾಲಾಳು, 32,600 ಕುದುರೆ, 551 ಆನೆ. ಚರ್ಮದ ಚೀಲದಲ್ಲಿ ನೀರು ಹೊರುವವರು 12,000.

ಇಲ್ಲಿಗೆ ಪಾಠ ನಿಲ್ಲಿಸಿ ಲೆಕ್ಕಕ್ಕೆ ಇಳಿಯಬೇಕು. ಆಳಿಗೆ ದಿನಕ್ಕೆ 4 ಲೀಟರ್ ಎಂದರೂ ಕಾಲಾಳುಗಳಿಗೇ 28 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರ್ ಆದರೆ ದಿನಾ 560ಕ್ಕೂ ಹೆಚ್ಚು ಬೇಕು. ಕದನ ನಡೆದದ್ದು ಮೇ ತಿಂಗಳಲ್ಲಿ. ರಾಯಚೂರಿನ ಮೇ ಎಂದರೇನು, ಟ್ಯಾಂಕರ್ ಎಂದರೇನು ಎಂದು ಅಲ್ಲಿನ ಮಕ್ಕಳಿಗೆ ವಿವರಿಸಬೇಕಿಲ್ಲ. ನೀರು ಹೊರುವ ಒಬ್ಬನ ಪಾಲಿಗೆ 58 ಬಾಯಿ. ಅವನ ಚೀಲ ಎಷ್ಟು ಹಿಡಿಯುತ್ತಿತ್ತು, ಎಷ್ಟು ಸಲ ಹೊತ್ತು ತರಬೇಕಿತ್ತು? ‘ನುನಿಜ್ ಸುಳ್ಳ’ ಎಂದು ತೀರ್ಮಾನಿಸಲು ಮಕ್ಕಳು ತುದಿಗಾಲಲ್ಲಿ ನಿಂತಿರುತ್ತಾರೆ. ಅಲ್ಲಿ ತಡೆದು, ಅವನಿಗೆ ಈ ಸಂಖ್ಯೆ ಯಾರು ಹೇಳಿರಬಹುದು, ದೊಡ್ಡದಾಗಿ ಹೇಳಿದರೆ ಯಾರಿಗೆ ಲಾಭ ಎಂದು ಕೇಳಬೇಕು. ಕೋಟೆ ಬೀಳಲು ಪೋರ್ಚುಗೀಸ್ ಬಂದೂಕುಗಾರರು ಬಹಳ ನೆರವಾದರು ಎಂದು ಅವನೇ ಬರೆಯುತ್ತಾನೆ. ಅವನು ಪೋರ್ಚುಗೀಸನಾಗಿದ್ದು ಇದಕ್ಕೆ ಕಾರಣವೇ ಎಂಬುದೂ ಒಂದು ಪ್ರಶ್ನೆ.

ಎದುರಿಗೆ ಇತಿಹಾಸಕಾರ ಫಿರಿಶ್ತಾನನ್ನು ಇಡಬೇಕು. ಅವನು ಬಿಜಾಪುರದ ಆಸ್ಥಾನದಲ್ಲಿದ್ದವನು, ಬರೆದದ್ದು ಕದನ ಮುಗಿದು ಎಂಬತ್ತಕ್ಕೂ ಹೆಚ್ಚು ವರ್ಷದ ಮೇಲೆ. ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾ ಕುಡಿದ ಅಮಲಿನಲ್ಲಿ ಅವಸರಪಟ್ಟು ಹೊಳೆ ದಾಟಿದ್ದರಿಂದ ಸೋಲಾಯಿತು ಎನ್ನುತ್ತಾನೆ. ಸೋಲನ್ನು ಮದ್ಯದ ತಲೆಗೆ ಕಟ್ಟಿದರೆ ಸೈನ್ಯದ ಮಾನ ಉಳಿಯುತ್ತದೆ. ಇಬ್ಬರೂ ಒಪ್ಪುವ ಸಂಗತಿಗಳಾವುವು ಎಂದು ಬೋರ್ಡಿನ ನಡುವೆ ಬರೆಯಿಸಿದರೆ, ಆ ಪಟ್ಟಿ ಎಷ್ಟು ಚಿಕ್ಕದು ಎಂಬುದೇ ಮಕ್ಕಳಿಗೆ ಅಚ್ಚರಿ. ಇದೆಲ್ಲ 40 ನಿಮಿಷದಲ್ಲಿ ಆಗದು, ಎರಡು ಪೀರಿಯಡ್ ಬೇಕು. ಒಂದೊಂದು ತುಣುಕನ್ನೂ ಎಂಟು ಹತ್ತು ಸಾಲಿಗೆ ಇಳಿಸಿ ಸರಳ ಕನ್ನಡಕ್ಕೆ ತಂದಿರಬೇಕು; ಬಿಟ್ಟ ಕಡೆ ಚುಕ್ಕಿ ಹಾಕಿರಬೇಕು. ಪೂರ್ತಿ ಪುಟ ಕೊಟ್ಟರೆ ಮುಂದಿನ ಬೆಂಚಿನ ಮೂವರು ಓದುತ್ತಾರೆ, ಉಳಿದವರು ಕಿಟಕಿ ನೋಡುತ್ತಾರೆ.

ಓದು ಇನ್ನೂ ಹಿಡಿತಕ್ಕೆ ಬಾರದ ಮಕ್ಕಳಿರುವಲ್ಲಿ ಚಿತ್ರದಿಂದ ಶುರುಮಾಡುವುದು ಲೇಸು. ಅಲೆಕ್ಸಾಂಡರ್ ಗ್ರೀನ್ಲಾ 1856ರಲ್ಲಿ ತೆಗೆದ ಹಂಪಿಯ ಫೋಟೋಗಳಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ. ಈಗಿನ 50 ರೂಪಾಯಿ ನೋಟಿನ ಹಿಂಬದಿಯ ರಥಕ್ಕೆ ಆ ಶಿಖರ ಇಲ್ಲ. ನೋಟು, ಫೋಟೋ ಅಕ್ಕಪಕ್ಕ ಇಟ್ಟು ಏನೇನು ಬದಲಾಗಿದೆ ಎಂದು ಕೇಳಿದರೆ ಸಾಕು. ಪ್ರಿಂಟ್ ತೆಗೆಸುವಾಗ ಒಂದು ಎ4 ಹಾಳೆಗೆ ಒಂದೇ ಚಿತ್ರ ಇರಲಿ, ನಾಲ್ಕು ಮಕ್ಕಳಿಗೆ ಒಂದು ಹಾಳೆ. ವಾಟ್ಸಾಪಿನಲ್ಲಿ ಬಂದ ಚಿತ್ರವನ್ನು ಪ್ರಿಂಟ್ ಹಾಕಿದರೆ ಅಂಚುಗಳು ಒಡೆದುಹೋಗುತ್ತವೆ, ಮೂಲ ಫೈಲನ್ನೇ ಒಯ್ಯಬೇಕು. ಹಾಳೆಯ ಹಿಂದೆ ಯಾರು, ಯಾವಾಗ, ಎಲ್ಲಿ ತೆಗೆದದ್ದು, ಯಾವ ತಾಣದಿಂದ ಬಂದದ್ದು ಎಂದು ಬರೆದಿಡದಿದ್ದರೆ ಮುಂದಿನ ವರ್ಷ ಅದು ಬರೀ ಒಂದು ಹಳೆಯ ಫೋಟೋ.

ಬ್ರಿಟಿಷರ ಗೆಜೆಟಿಯರುಗಳ, ಅಂದರೆ ಜಿಲ್ಲೆಯ ವಿವರ ಕೊಡುವ ಸರ್ಕಾರಿ ಗ್ರಂಥಗಳ, ವಿಷಯದಲ್ಲಿ ಒಂದು ಎಚ್ಚರಿಕೆ. ಡಬ್ಲ್ಯೂ. ಫ್ರಾನ್ಸಿಸ್ ಬರೆದ 1904ರ ಬಳ್ಳಾರಿ ಗೆಜೆಟಿಯರಿನಲ್ಲಿ ಮಳೆ, ಬರ, ಬೆಳೆ, ಸಂತೆಗಳ ಮಾಹಿತಿ ಹೇರಳ. ಆ ಕಾಲದ ಅಧಿಕಾರಿಗಳು ಜಾತಿಗಳ ಬಗ್ಗೆ ಬರೆದ ಮಾತುಗಳನ್ನು ಮಾತ್ರ ಹಾಗೇ ಗಟ್ಟಿಯಾಗಿ ಓದಿಸಬಾರದು. ಅದೇ ಸಮುದಾಯದ ಮಗು ಎದುರಿಗೆ ಕೂತಿರುತ್ತದೆ. ಬರ, ಸಂತೆಯ ಪುಟಗಳೇ ಒಂದು ವರ್ಷದ ಚಟುವಟಿಕೆಗೆ ಸಾಕಾಗುತ್ತವೆ. ಮನೆಯ ಟ್ರಂಕಿನಲ್ಲಿರುವ ಉರ್ದು ಕಂದಾಯ ಕಾಗದ, ನಿಜಾಮರ ಕಾಲದ ಹಾಲಿ ಸಿಕ್ಕಾ ನಾಣ್ಯಗಳೂ ಆಕರಗಳೇ. ಅಸಲು ಕಾಗದವನ್ನು ಶಾಲೆಗೆ ತರಿಸದೆ ಫೋಟೋ ತರಿಸಬೇಕು, ಸರ್ವೆ ನಂಬರನ್ನೂ ಹೆಸರನ್ನೂ ಮುಚ್ಚಬೇಕು. ಹೊಲದ ವ್ಯಾಜ್ಯ ತರಗತಿಯೊಳಗೆ ಬರುವುದು ಬೇಡ.

ಸ್ಥಳಕ್ಕೇ ಕರೆದೊಯ್ಯುವುದಾದರೆ ರಾಯಚೂರು ಕೋಟೆಯ 1294ರ ಶಾಸನ ಮೊದಲಿಗಿರಲಿ. ಕಲ್ಲು 40 ಅಡಿಗೂ ಉದ್ದ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಅಕ್ಷರ ಗೊತ್ತಿಲ್ಲದಿದ್ದರೂ ಆ ಚಿತ್ರ ಓದಬಹುದು: ಎಳೆಯುವ ಜೋಡಿಗಳೆಷ್ಟು, ಗಾಲಿಗಳೆಲ್ಲಿ? ಕಾಣುವುದಿಲ್ಲವೆಂದು ಸೀಮೆಸುಣ್ಣ, ಅರಿಸಿನ, ಎಣ್ಣೆ ಬಳಿಯುವಂತಿಲ್ಲ. ಅದು ಕಲ್ಲಿನ ರಂಧ್ರಕ್ಕಿಳಿದು ಕೂರುತ್ತದೆ, ಸಂರಕ್ಷಿತ ಸ್ಮಾರಕದಲ್ಲಿ ಅಪರಾಧವೂ ಹೌದು. ಪಡಿಯಚ್ಚು ತೆಗೆಯುವುದು ಅನುಮತಿ ಇರುವ ಶಾಸನತಜ್ಞರ ಕೆಲಸ: ಒದ್ದೆ ಕಾಗದವನ್ನು ಬ್ರಷ್‌ನಿಂದ ಬಡಿದು ಅಕ್ಷರದ ಗುಳಿಗೆ ಕೂರಿಸಿ, ಮೇಲೆ ಮಸಿ ಒತ್ತುತ್ತಾರೆ, ಗುಳಿ ಬಿಳಿಯಾಗಿ ಉಳಿಯುತ್ತದೆ. ಮಕ್ಕಳಿಗೆ ಬೆಳಕೇ ಸಾಕು. ನಡು ಮಧ್ಯಾಹ್ನ ಕಲ್ಲಿಗೆ ನೆರಳೇ ಬೀಳದೆ ಬರಹ ಮಾಯವಾಗುತ್ತದೆ. ಬೆಳಿಗ್ಗೆ ಏಳೂವರೆಯ ಎಳೆಬಿಸಿಲಲ್ಲಿ ಹೋಗಬೇಕು, ಇಲ್ಲವೇ ಒಬ್ಬರು ಬಿಸಿಲಿಗೆ ದಪ್ಪನೆಯ ಜಮಖಾನ ಅಡ್ಡ ಹಿಡಿದು, ಇನ್ನೊಬ್ಬರು ಮೊಬೈಲ್ ಟಾರ್ಚನ್ನು ಕಲ್ಲಿಗೆ ತೀರಾ ಓರೆಯಾಗಿ ಪಕ್ಕದಿಂದ ಬಿಡಬೇಕು. ಅಕ್ಷರಗಳು ಒಂದೊಂದಾಗಿ ಏಳುತ್ತವೆ.