ಅಳು ನಿಲ್ಲಿಸುವ ಕಥೆ ಬೇಡ

ಮನೆಯಲ್ಲಿ ಯಾರಾದರೂ ತೀರಿಕೊಂಡ ಮೇಲೆ ಮಗುವನ್ನು ಆಪ್ತಸಮಾಲೋಚನೆಗೆ ಕರೆತರುವ ದೊಡ್ಡವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಓದಿದ ಮೇಲೆ ಇವನಿಗೆ ಸ್ವಲ್ಪ ಸಮಾಧಾನ ಆಗುವಂಥ ಕಥೆ ಪುಸ್ತಕ ಯಾವುದಾದರೂ ಇದೆಯಾ? ಬೇಕಾದಷ್ಟಿವೆ. ಆದರೆ ಸಮಾಧಾನ ಮಾಡಲೆಂದೇ ಬರೆದ ಪುಸ್ತಕಗಳನ್ನು ನಾನು ಪಕ್ಕಕ್ಕಿಡುತ್ತೇನೆ. ಅವುಗಳಲ್ಲಿ ಅಜ್ಜ ನಕ್ಷತ್ರವಾಗುತ್ತಾನೆ, ಮೊಮ್ಮಗ ಆಕಾಶ ನೋಡಿ ನಗುತ್ತಾನೆ, ಅಲ್ಲಿಗೆ ಮುಗಿಯಿತು. ಓದಿಸಿದವರಿಗೆ ಹಾಯೆನಿಸುತ್ತದೆ. ಓದಿದ ಮಗುವಿಗೆ ಮಾತ್ರ ಹೊಸ ಚಿಂತೆ: ಅವನು ಸರಿಹೋದ, ನಾನ್ಯಾಕೆ ಇನ್ನೂ ಹೀಗೇ ಇದ್ದೀನಿ?

ಸಾವು ಅಂದರೆ ಏನು ಅನ್ನುವುದು ಮಗುವಿಗೆ ಒಂದೇ ಸಲ ಅರ್ಥವಾಗುವುದಿಲ್ಲ. 1948ರಲ್ಲಿ ಮರಿಯಾ ನಾಗಿ ಅನ್ನುವ ಮನೋವಿಜ್ಞಾನಿ ಹಂಗೆರಿಯ ಮಕ್ಕಳನ್ನು ಮಾತಾಡಿಸಿ ಬರೆದರು: ಐದು ವರ್ಷದೊಳಗಿನವರಿಗೆ ಸಾವು ಒಂದು ನಿದ್ದೆ ಅಥವಾ ಪ್ರಯಾಣ, ಐದರಿಂದ ಒಂಬತ್ತರವರಿಗೆ ಅದು ಬಂದು ಹಿಡಿದುಕೊಂಡು ಹೋಗುವ ಯಾರೋ ಒಬ್ಬ, ಆಮೇಲಷ್ಟೇ ಎಲ್ಲರಿಗೂ ಬರುವಂಥದ್ದು. ಮುಂದೆ ಬಂದ ಅಧ್ಯಯನಗಳು ಈ ವಯಸ್ಸಿನ ಗೆರೆಗಳನ್ನು ಸಡಿಲ ಮಾಡಿವೆ. ಸತ್ತವರು ವಾಪಸ್ ಬರುವುದಿಲ್ಲ, ಅವರಿಗೆ ಹಸಿವು ಚಳಿ ನೋವು ಯಾವುದೂ ಇಲ್ಲ, ಬದುಕಿರುವ ಎಲ್ಲವೂ ಒಂದು ದಿನ ಸಾಯುತ್ತದೆ, ಈ ಮೂರು ಸಂಗತಿ ಬಹುಪಾಲು ಮಕ್ಕಳಿಗೆ ಐದರಿಂದ ಏಳು ವರ್ಷದೊಳಗೆ ತಿಳಿಯುತ್ತವೆ. ಹಾಗಾಗಿ ಚಿಕ್ಕವರ ಕಥೆಯಲ್ಲಿ ನಾನು ಮೊದಲು ನೋಡುವುದು, ಸತ್ತರು ಅನ್ನುವುದನ್ನು ಸುಮ್ನೆ ನೇರವಾಗಿ ಹೇಳಿದ್ದಾರಾ ಅಂತ. ಅಮ್ಮ ಮಲಗಿದ್ದಾಳೆ ಅಂತ ಬರೆದರೆ ಮಗು ರಾತ್ರಿ ಕಣ್ಣು ಮುಚ್ಚೋಕೆ ಹೆದರುತ್ತದೆ. ದೂರ ಹೋಗಿದ್ದಾಳೆ ಅಂದರೆ ಬಾಗಿಲು ನೋಡುತ್ತಾ ಕೂರುತ್ತದೆ.

ಇದಾದರೂ ಸುಲಭದ ವಿಷಯ. ಕಷ್ಟದ್ದು ಬೇರೆ ಇದೆ. ಹತ್ತಿರದವರನ್ನು ಕಳೆದುಕೊಂಡ ಮಕ್ಕಳ ಒಳಗೆ ಕೂತಿರುವುದು ಬರೀ ದುಃಖ ಅಲ್ಲ. ನಾನು ಸಿಟ್ಟಲ್ಲಿ ಏನೋ ಅಂದೆ, ಅದಕ್ಕೇ ಹೀಗಾಯ್ತು ಅನ್ನುವ ನಂಬಿಕೆ ಎಷ್ಟೋ ಮಕ್ಕಳಲ್ಲಿರುತ್ತದೆ. ಚಿಕ್ಕ ವಯಸ್ಸಿನಲ್ಲಿ ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೂ ಹೊರಗೆ ನಡೆಯುವುದಕ್ಕೂ ನಡುವಿನ ಗೋಡೆ ತೆಳ್ಳಗಿರುತ್ತದೆ ನೋಡಿ. ತೀರಿಕೊಂಡವರು ಮನೆಯಲ್ಲಿ ಬಹಳ ದಿನ ಕಾಯಿಲೆಯಿಂದ ಮಲಗಿದ್ದರೆ ಇನ್ನೂ ಒಂದು ಯೋಚನೆ ಬಂದಿರುತ್ತದೆ: ಇದೆಲ್ಲ ಒಮ್ಮೆ ಮುಗಿದುಹೋಗಲಿ. ದೊಡ್ಡವರಿಗೂ ಬರುತ್ತದೆ, ನಾವು ಒಬ್ಬರಿಗೊಬ್ಬರು ಪಿಸುಗುಟ್ಟಿ ಹಗುರಾಗುತ್ತೇವೆ. ಮಗು ಯಾರಿಗೆ ಹೇಳಬೇಕು?

ಪ್ಯಾಟ್ರಿಕ್ ನೆಸ್ ಅವರ 2011ರ ‘ಎ ಮಾನ್‌ಸ್ಟರ್ ಕಾಲ್ಸ್’ ಪೂರ್ತಿ ನಿಂತಿರುವುದು ಈ ಒಂದು ಯೋಚನೆಯ ಮೇಲೆ. ಹುಡುಗನ ತಾಯಿಗೆ ಕ್ಯಾನ್ಸರ್, ರಾತ್ರಿ ಒಂದು ದೈತ್ಯ ಬಂದು ಕಥೆ ಹೇಳಿ, ಬದಲಿಗೆ ನಿನ್ನ ನಿಜ ಹೇಳು ಅನ್ನುತ್ತದೆ. ಆ ನಿಜ ಯಾವುದು ಅಂತ ನಿಮಗೀಗ ಗೊತ್ತಾಗಿರಬೇಕು, ಗುಟ್ಟು ಬಿಟ್ಟುಕೊಟ್ಟಿದ್ದಕ್ಕೆ ಕ್ಷಮೆ ಇರಲಿ. ಕಥೆಯ ಹೊಳಹು ಶಿವಾನ್ ಡೌಡ್ ಎಂಬ ಲೇಖಕಿಯದ್ದು, ಬರೆಯುವ ಮೊದಲೇ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಹನ್ನೆರಡು ದಾಟಿದವರಿಗೆ ಇದನ್ನು ಕೊಟ್ಟು, ಕೆಲವು ದಿನ ಬಿಟ್ಟು ಆ ಹುಡುಗನ ಬಗ್ಗೆ ಮಾತು ತೆಗೆಯಬಹುದು. ಅವನು ಹಾಗಂದುಕೊಂಡಿದ್ದು ತಪ್ಪಾ ಅಂತ ಕೇಳಿದರೆ ಮಗು ಅವನ ಪರವಾಗಿ ವಾದ ಮಾಡುತ್ತದೆ. ತನ್ನ ಬಗ್ಗೆ ಹೇಳಿಕೊಳ್ಳಲಾಗದ್ದನ್ನು ಅವನ ಹೆಸರಿನಲ್ಲಿ ಹೇಳಿ ಮುಗಿಸುತ್ತದೆ. ಆಗ ನೀನೂ ಹಾಗೇ ಅಂದುಕೊಂಡಿದ್ದೆಯಾ ಅಂತ ದಯವಿಟ್ಟು ಕೇಳಬೇಡಿ. ಅದಕ್ಕೆ ಗೊತ್ತು, ನಿಮಗೂ ಗೊತ್ತು, ಸಾಕು.

ಇನ್ನೊಂದು ನಾನು ಹುಡುಕುವುದು ಆಟ. ಮಕ್ಕಳ ದುಃಖ ಬಿಟ್ಟು ಬಿಟ್ಟು ಬರುತ್ತದೆ. ಬಿಕ್ಕಿ ಬಿಕ್ಕಿ ಅತ್ತ ಮಗು ಸ್ವಲ್ಪ ಹೊತ್ತಿಗೆಲ್ಲ ಚೆಂಡು ಹಿಡಿದು ಹೊರಗೆ ಓಡಿದರೆ, ಇದಕ್ಕೆ ಏನೂ ಅರ್ಥವಾಗಿಲ್ಲ ಅಂತ ದೊಡ್ಡವರು ತೀರ್ಮಾನಿಸಿಬಿಡುತ್ತಾರೆ. ಅರ್ಥವಾಗಿರುತ್ತದೆ, ಒಂದೇ ಸಲಕ್ಕೆ ಅಷ್ಟನ್ನೂ ಹೊರಲು ಆಗುವುದಿಲ್ಲ ಅಷ್ಟೇ. ಶೋಕದ ಬಗ್ಗೆ ಸಂಶೋಧನೆ ಮಾಡಿದ ಸ್ಟ್ರೋಬ್ ಮತ್ತು ಶುಟ್ 1999ರಲ್ಲಿ ದೊಡ್ಡವರ ಬಗ್ಗೆಯೂ ಇದನ್ನೇ ಹೇಳಿದ್ದರು, ದುಃಖದೊಳಗೆ ಹೋಗುವುದೂ ಅದರಿಂದ ಹೊರಬಂದು ದಿನದ ಕೆಲಸ ನೋಡುವುದೂ ಎರಡೂ ಬೇಕು ಅಂತ. ಮಕ್ಕಳಲ್ಲಿ ಈ ಓಡಾಟದ ವೇಗ ಜಾಸ್ತಿ. ಕಥೆಯ ಹುಡುಗಿ ಮಧ್ಯೆ ಎಲ್ಲೋ ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಆಮೇಲೆ ನಕ್ಕಿದ್ದಕ್ಕೆ ನಾಚಿಕೊಂಡರೆ, ಬರೆದವರಿಗೆ ಮಕ್ಕಳು ಗೊತ್ತು ಅಂತ ಲೆಕ್ಕ. ಇದಕ್ಕೆ ತದ್ವಿರುದ್ಧ, ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು ಅಂತ ಹಂತ ಹಂತವಾಗಿ ಸಾಲಾಗಿ ಸಾಗುವ ಕಥೆಗಳು. ಎಲಿಜಬೆತ್ ಕ್ಯೂಬ್ಲರ್-ರಾಸ್ ಅನ್ನುವ ಮನೋವೈದ್ಯೆ 1969ರಲ್ಲಿ ಆ ಐದು ಹಂತ ಬರೆದದ್ದು ಸಾವಿನಂಚಿನಲ್ಲಿದ್ದ ರೋಗಿಗಳ ಬಗ್ಗೆ. ಅದನ್ನು ತಂದು ಏಳು ವರ್ಷದ ಮಗುವಿನ ತಲೆಗೆ ಕಟ್ಟುವುದು ಯಾವ ನ್ಯಾಯ!

ಕೊನೆಯ ಪುಟ ಹೇಗಿರಬೇಕು? ಇ. ಬಿ. ವೈಟ್ ಅವರ 1952ರ ‘ಷಾರ್ಲಟ್ಸ್ ವೆಬ್’ ನೋಡಿ. ಜೇಡ ಷಾರ್ಲಟ್ ಸಾಯುವಾಗ ಹತ್ತಿರ ಯಾರೂ ಇರಲಿಲ್ಲ ಅಂತ ಅಡ್ಡ ಮಾತಿಲ್ಲದೆ ಬರೆದಿದ್ದಾರೆ. ಅದರ ಮರಿಗಳಲ್ಲಿ ಮೂರು, ಷಾರ್ಲಟ್‌ನ ಗೆಳೆಯ ವಿಲ್ಬರ್ ಎಂಬ ಹಂದಿಯ ಜೊತೆ ಉಳಿದುಕೊಳ್ಳುತ್ತವೆ, ವಿಲ್ಬರ್‌ಗೆ ಅವು ಇಷ್ಟ, ಆದರೆ ಷಾರ್ಲಟ್ ಜಾಗ ಯಾರೂ ತುಂಬುವುದಿಲ್ಲ. ಮರೆತು ಮುಂದೆ ಹೋಗು ಅನ್ನುವ ಹಳೆಯ ಸಲಹೆಯನ್ನು ನಮ್ಮ ಕ್ಷೇತ್ರದವರು ಬಿಡಲು ಶುರುಮಾಡಿದ್ದು 1990ರ ದಶಕದಲ್ಲಿ. ಕಥೆಗಾರರು ಅಷ್ಟೊಂದು ಕಾಯಲಿಲ್ಲ, ಅಲ್ವಾ?

ಪುಸ್ತಕ ಕೊಡುವ ಮೊದಲು ನೀವು ಒಬ್ಬರೇ ಓದಿ. ನೀವೂ ಕಳೆದುಕೊಂಡವರೇ ತಾನೇ, ಯಾವ ಪುಟದಲ್ಲಿ ನಿಮ್ಮ ಗಂಟಲು ಕಟ್ಟುತ್ತದೆ ಅಂತ ಮುಂಚೆಯೇ ಗೊತ್ತಿರಲಿ. ಮಗುವಿನ ಮುಂದೆ ಅತ್ತರೂ ಅಡ್ಡಿಯಿಲ್ಲ, ಯಾಕೆ ಅಳು ಬಂತು ಅಂತ ಹೇಳಿದರಾಯಿತು. ಮೊದಲ ದಿನಗಳಲ್ಲಿ ಪುಸ್ತಕ ಬೇಡ, ಆಗ ಬೇಕಿರುವುದು ನೇರ ಮಾತು, ಹೊತ್ತಿಗೆ ಊಟ, ಪಕ್ಕದಲ್ಲಿ ಮಲಗುವ ಒಬ್ಬರು. ಆಮೇಲೆ ಕೈಗೆ ಸಿಗುವಲ್ಲಿಡಿ. ಮಧ್ಯದಲ್ಲಿ ಮುಚ್ಚಿಟ್ಟರೆ ಬಿಡಿ, ಒಂದೇ ಪುಟ ಮತ್ತೆ ಮತ್ತೆ ಓದು ಅಂದರೆ ಓದಿ. ಇದರಿಂದ ಏನು ಕಲಿತೆ ಅಂತ ಮಾತ್ರ ಕೇಳಬೇಡಿ.

ಕಥೆಯ ಕೈಲಾಗದ್ದೂ ಇದೆ. ಅಮೆರಿಕದ ಮನೋವೈದ್ಯರ ಸಂಘದ 2022ರ ಕೈಪಿಡಿ ದೀರ್ಘಕಾಲದ ಶೋಕವನ್ನು ಒಂದು ಕಾಯಿಲೆಯಾಗಿ ಗುರುತಿಸಿದೆ, ಅದಕ್ಕಿಟ್ಟ ಅವಧಿ ದೊಡ್ಡವರಿಗೆ 12 ತಿಂಗಳು, ಮಕ್ಕಳಿಗೆ 6. ಅಷ್ಟು ಕಳೆದ ಮೇಲೂ ಹಂಬಲ ದಿನದಿನವೂ ಹಾಗೇ ಇದ್ದು, ಶಾಲೆ, ಗೆಳೆಯರು, ಆಟ ಯಾವುದೂ ಬೇಡವಾಗಿದ್ದರೆ ತಜ್ಞರನ್ನು ನೋಡಿ. ನಾನೂ ಅಮ್ಮನ ಹತ್ತಿರ ಹೋಗ್ತೀನಿ ಅನ್ನುವ ಮಾತು ಬಂದರೆ ಆರು ತಿಂಗಳ ಲೆಕ್ಕ ಹಾಕಬೇಡಿ. ಚಿಕ್ಕ ಮಗು ಬರೀ ನೋಡಬೇಕು ಅನ್ನುವ ಆಸೆಯಿಂದ ಹೇಳಿರಬಹುದು. ಗಾಬರಿ ತೋರಿಸದೆ, ಹೋಗೋದು ಅಂದ್ರೆ ಹೇಗೆ ಪುಟ್ಟಾ ಅಂತ ಕೇಳಿ. ಸಾಯುವ ಮಾತೇ ಬಂದರೆ, ಅಥವಾ ಉತ್ತರ ನಿಮಗೆ ಸ್ಪಷ್ಟವಾಗದಿದ್ದರೆ, ಮಗುವನ್ನು ಒಂಟಿಯಾಗಿ ಬಿಡದೆ ಅವತ್ತೇ ತಜ್ಞರ ಹತ್ತಿರ ಕರೆದುಕೊಂಡು ಹೋಗಿ.