ಪಕ್ಕದ ಹೊಲದ ಪರಾಗ, ನಮ್ಮ ಹೊಲದ ತೆನೆ

ಪಕ್ಕದವರು ಕುಲಾಂತರಿ ಮೆಕ್ಕೆಜೋಳ ಹಾಕಿದರೆ ನಮ್ಮ ಬೆಳೆ ಕುಲಗೆಟ್ಟಂತೆಯೇ ಎಂದು ಹೆದರುವವರು ಯುರೋಪಿನಲ್ಲೂ ಇದ್ದಾರೆ. ಕಾಂಡಕೊರಕಕ್ಕೆ ಬಗ್ಗದ ಬಿಟಿ ಮೆಕ್ಕೆಜೋಳ ಸ್ಪೇನಿನಲ್ಲಿ 1998ರಿಂದಲೂ ಮಾಮೂಲಿ ಜೋಳದ ಮಗ್ಗುಲಲ್ಲೇ ಬೆಳೆಯುತ್ತಿದೆ. ಯುರೋಪಿನ ಒಕ್ಕೂಟದ ಕಾನೂನು ಕೇಳುವುದು ಸೊನ್ನೆಯನ್ನಲ್ಲ, ಶೇ. 0.9ನ್ನು. ಎಷ್ಟು ಎಚ್ಚರ ವಹಿಸಿದರೂ ತಪ್ಪದ ಬೆರಕೆ ಅದರೊಳಗಿದ್ದರೆ ಕುಲಾಂತರಿ ಎಂಬ ಲೇಬಲ್ ಬೇಕಿಲ್ಲ.

ತೆನೆಯ ತುದಿಯಲ್ಲಿ ಇಳಿಬಿದ್ದ ಕೂದಲನ್ನು ನೋಡಿ. ಒಂದು ಎಳೆಗೆ ಒಂದು ಕಾಳು. ಎಳೆಯ ಮೇಲೆ ಮೊದಲು ಕೂತು ಮೊಳೆತ ಪರಾಗದ್ದೇ ಆ ಕಾಳು. ಜೋಳದ ಪರಾಗ ದಪ್ಪ, ಭಾರ; ಬಹುಪಾಲು ಹತ್ತಿರದಲ್ಲೇ ಉದುರುತ್ತದೆ. ಹೊರಗಿನಿಂದ ಬಂದ ಒಂದೆರಡು ಕಣಕ್ಕೆ ಇಲ್ಲಿ ಸಿಗುವುದು ಜಾತ್ರೆಯ ದಿನದ ಬಸ್ಸು: ಸೀಟೆಲ್ಲ ಊರವರದೇ. ಅದಕ್ಕೇ ಬರಿ ನೆಲದ ಅಂತರಕ್ಕಿಂತ ಮಾಮೂಲಿ ಜೋಳದ ಸಾಲುಗಳೇ ಒಳ್ಳೆಯ ಬೇಲಿ. ಖಾಲಿ ನೆಲ ಪರಾಗ ಉದುರಿಸುವುದಿಲ್ಲವಲ್ಲ! ಪೋರ್ಚುಗಲ್‌ನ 2005ರ ಕಾನೂನು 200 ಮೀಟರ್ ಅಂತರ ಕೇಳುತ್ತದೆ, ಅದರ ಬದಲು 24 ಅಂಚಿನ ಸಾಲುಗಳನ್ನೂ ಒಪ್ಪುತ್ತದೆ. ಪಕ್ಕದ್ದು ಸಾವಯವ ಹೊಲವಾದರೆ ಅಂತರ 300 ಮೀಟರ್.

ಇನ್ನೊಂದು ಲೆಕ್ಕ ಬಹಳ ಜನ ಮರೆಯುತ್ತಾರೆ. ಮಾನ್ 810 ಎಂಬ ಬಿಟಿ ಮೆಕ್ಕೆಜೋಳದ ಹೈಬ್ರಿಡ್‌ನಲ್ಲಿ ಬಿಟಿ ಜೀನ್ ಬರುವುದು ಸಾಮಾನ್ಯವಾಗಿ ಅಪ್ಪ-ಅಮ್ಮಂದಿರಲ್ಲಿ ಒಂದೇ ಕಡೆಯಿಂದ, ಹಾಗಾಗಿ ಅದರ ಪರಾಗದಲ್ಲಿ ಅರ್ಧ ಮಾತ್ರ ಜೀನ್ ಹೊತ್ತಿರುತ್ತದೆ. ಬೆರೆತ ಕಾಳಿನಲ್ಲೂ ಮೊಳಕೆಯ ಅರ್ಧ, ಹಿಟ್ಟಿನ ಭಾಗದ ಮೂರನೇ ಒಂದು ಮಾತ್ರ ಅಪ್ಪನ ಪಾಲು. ನೂರು ಕಾಳಲ್ಲಿ ಒಂದೇ ಕಾಳು ಜೀನ್ ಹೊತ್ತಿದ್ದರೆ, ಡಿಎನ್‌ಎ ಪ್ರತಿಗಳನ್ನು ಎಣಿಸಿದಾಗ ಸಿಗುವುದು ಶೇ. 0.5ಕ್ಕಿಂತ ಕಡಿಮೆ.

ಕೈಕೊಡುವುದು ಎಲ್ಲಿ? ಉದ್ದನೆಯ ಕಿರಿದಾದ ಪಟ್ಟಿ ಹೊಲದಲ್ಲಿ: ಅದು ಪೂರ್ತಿ ಅಂಚೇ. ನಮ್ಮ ಸೂಲಂಗಿಯ (ಗಂಡು ಹೂವಿನ) ಪರಾಗ ಉದುರಿ ಮುಗಿದ ಮೇಲೂ ಕೂದಲು ಹಸಿಯಾಗಿದ್ದರೆ, ಆಗ ಬಸ್ಸು ಖಾಲಿ. ಬಿತ್ತನೆ ದಿನ ಬೇರೆ ಮಾಡಿ ಹೂವಿನ ಕಾಲ ತಪ್ಪಿಸಬಹುದು ನಿಜ; ಆದರೆ ತಡವಾಗಿ ಬಿತ್ತಿದ ಬೆಳೆ ಬಿಸಿಲಿಗೆ ಓಡಿ ಬೇಗ ಸೇರಿಕೊಳ್ಳುತ್ತದೆ, ಹದಿನೈದು ದಿನದ ಅಂತರ ಹೂ ಬಿಡುವ ಹೊತ್ತಿಗೆ ಅಷ್ಟೇ ಉಳಿದಿರುವುದಿಲ್ಲ. ಗಾಳಿಯನ್ನು ಬೈಯುವವರು ಕೊಯ್ಲು ಯಂತ್ರದ ಹೊಟ್ಟೆಯೊಳಗೆ ಇಣುಕಿ ನೋಡಲಿ: ಹಿಂದಿನ ಹೊಲದ ಕಾಳು ತೊಟ್ಟಿಯಲ್ಲಿ, ಸಾಗಣೆ ಕೊಳವೆಯಲ್ಲಿ ಉಳಿದೇ ಇರುತ್ತದೆ. ಮಾಮೂಲಿ ಬೆಳೆಯನ್ನು ಮೊದಲು ಕೊಯ್ಯಿರಿ, ಆಮೇಲೆ ಕುಲಾಂತರಿ.

ಜೇನುಹುಳುಗಳನ್ನು ಮಾತ್ರ ಯಾರೂ ಸಾಲು ಎಣಿಸಿ ತಡೆಯಲಾರರು; ಅವು ತಂದ ಪರಾಗ ಜೇನಿಗೂ ಸೇರುತ್ತದೆ. 2011ರಲ್ಲಿ ಯುರೋಪಿನ ನ್ಯಾಯಾಲಯ ಪರಾಗವನ್ನು ಜೇನಿಗೆ ಬೆರೆಸಿದ ಪದಾರ್ಥ ಎಂದುಬಿಟ್ಟಿತು. ಜೇನಿನ ಕಾನೂನಿಗೆ 2014ರಲ್ಲಿ ಬಂದ ತಿದ್ದುಪಡಿ ಅದನ್ನು ಜೇನಿನದೇ ಸಹಜ ಅಂಶ ಎಂದಿತು. ಈಗ 0.9ನ್ನು ಅಳೆಯುವುದು ಇಡೀ ಜೇನಿನ ಮೇಲೆ, ಅದರಲ್ಲಿ ಪರಾಗದ ತೂಕವೇ ಸಾಮಾನ್ಯವಾಗಿ ಶೇ. 0.5 ದಾಟುವುದಿಲ್ಲ.